ಭೂಮಿ ಕೊಟ್ಟ ಅರಸು 1980ರಲ್ಲಿ ಒಂಟಿಯಾದದ್ದೇಕೆ?

ಹುಣಸೂರು ಕಡೆಯವನು:

ಪ್ರತಿ ವರ್ಷ ಆಗಸ್ಟ್ 20 ಬಂತೆಂದರೆ ಡಿ. ದೇವರಾಜ ಅರಸು ಅವರ ಬಗ್ಗೆ ಲೇಖನಗಳು ಬರುತ್ತವೆ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, 1941ರಲ್ಲೇ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಹೋದವರು, ಗೇಣಿದಾರರಿಗೆ ಭೂಮಿ ಕೊಡಿಸಿದವರು, ಹಿಂದುಳಿದ ವರ್ಗಗಳಿಗಾಗಿ ಹಾವನೂರು ಆಯೋಗ ರಚಿಸಿದವರು, 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ಮುಖ್ಯಮಂತ್ರಿಯಾಗಿದ್ದವರು ಎಂಬಲ್ಲಿಗೆ ಆ ಲೇಖನಗಳು ಸಾಮಾನ್ಯವಾಗಿ ಮುಗಿಯುತ್ತವೆ. ನನ್ನ ತಕರಾರು ಇರುವುದು ಅವುಗಳಲ್ಲಿ ಯಾರೂ ಬರೆಯದೆ ಬಿಡುವ ಭಾಗದ ಬಗ್ಗೆ.

1978ರ ಫೆಬ್ರವರಿಯ ವಿಧಾನಸಭಾ ಚುನಾವಣೆಯಲ್ಲಿ ಅರಸು ಅವರ ನೇತೃತ್ವದ ಇಂದಿರಾ ಕಾಂಗ್ರೆಸ್ 224 ಸ್ಥಾನಗಳಲ್ಲಿ 149ನ್ನು ಗೆದ್ದಿತು. ಇನ್ನೂ ಎರಡು ವರ್ಷ ತುಂಬುವ ಮೊದಲೇ, 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ, ಅದೇ ರಾಜ್ಯದ 28 ಕ್ಷೇತ್ರಗಳಲ್ಲಿ 27 ಇಂದಿರಾ ಗಾಂಧಿಯವರ ಪಾಲಾದವು, ಬೇರೆ ಪಕ್ಷ ಕಟ್ಟಿ ನಿಂತಿದ್ದ ಅರಸರಿಗೆ ಒಂದೂ ಸಿಗಲಿಲ್ಲ. ಜನವರಿ 12ರಂದು ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಲಕ್ಷಾಂತರ ಕುಟುಂಬಗಳಿಗೆ ಭೂಮಿ, ಮೀಸಲಾತಿ, ಜನತಾ ಮನೆ ಕೊಟ್ಟ ನಾಯಕನ ಹಿಂದೆ ಆ ಕುಟುಂಬಗಳು ಏಕೆ ನಿಲ್ಲಲಿಲ್ಲ? ಜನ ಉಪಕಾರ ಮರೆತರೆಂಬ ಸಿದ್ಧ ಉತ್ತರವನ್ನು ದಯವಿಟ್ಟು ಕೊಡಬೇಡಿ. ಅದನ್ನು ನಾನು ನಂಬುವುದಿಲ್ಲ.

ಘಟ್ಟದ ಕೆಳಗಿನವ:

ನಮ್ಮ ಕರಾವಳಿಯಲ್ಲಿ ಇದಕ್ಕೆ ಉತ್ತರ ಸುಲಭ. ನಮ್ಮಜ್ಜ ಚಾಲಗೇಣಿ ಒಕ್ಕಲಾಗಿದ್ದವರು. ಫಸಲು ಬಂದ ಮೇಲೆ ಧಣಿಯ ಮನೆಗೆ ಇಂತಿಷ್ಟು ಮುಡಿ ಅಕ್ಕಿ ಹೊತ್ತು ಹಾಕದಿದ್ದರೆ ಮುಂದಿನ ವರ್ಷ ಆ ಗದ್ದೆಯಲ್ಲಿ ನೇಗಿಲು ಇಡುವ ಹಕ್ಕು ಅವರಿಗೆ ಇರಲಿಲ್ಲ. ಡಿಕ್ಲರೇಶನ್ ಹಾಕಿ, ಅಂದರೆ ಉಳುವ ಭೂಮಿ ತನಗಾಗಬೇಕೆಂದು ಅರ್ಜಿ ಕೊಟ್ಟು, ಟ್ರಿಬ್ಯೂನಲ್‌ನಲ್ಲಿ (ಭೂ ನ್ಯಾಯಮಂಡಳಿಯಲ್ಲಿ) ಭೂಮಿ ಆದ ಮೇಲೆ ಅವರು ಕೊನೆಯವರೆಗೂ ಹೇಳುತ್ತಿದ್ದದ್ದು "ಇಂದಿರಾ ಗಾಂಧಿ ಕೊಟ್ಟ ಭೂಮಿ" ಎಂದೇ. ಅರಸರ ಹೆಸರನ್ನು ಅವರ ಬಾಯಿಂದ ನಾನು ಕೇಳಿದ ನೆನಪಿಲ್ಲ. ಕಾನೂನು ಮಾಡಿದ್ದು ಬೆಂಗಳೂರಿನಲ್ಲಾದರೂ ಗೋಡೆಯ ಮೇಲೆ ಇದ್ದ ಚಿತ್ರ ದೆಹಲಿಯ ಅಮ್ಮನದು. ಹೀಗಿರುವಾಗ ಇಬ್ಬರೂ ಬೇರೆಯಾದ ದಿನ ಒಕ್ಕಲು ಯಾರ ಕಡೆ ಹೋಗುತ್ತಾನೆ ಎಂಬುದರಲ್ಲಿ ಆಶ್ಚರ್ಯವೇನಿದೆ?

ಮತಪೆಟ್ಟಿಗೆ:

ಪ್ರಶ್ನೆಯ ಬುಡವೇ ಸರಿಯಿಲ್ಲ. 1980ರಲ್ಲಿ ಜನ ಆರಿಸಿದ್ದು ಪ್ರಧಾನಿಯನ್ನು. ಅರಸರನ್ನು ಇಳಿಸಿದ್ದು ಶಾಸಕರು.

ಬಯಲುಸೀಮೆ:

ಮತಪೆಟ್ಟಿಗೆಯವರೇ, ಒಂದು ಸಾಲಿನಲ್ಲಿ ತೀರ್ಪು ಕೊಟ್ಟು ಹೊರಟರೆ ಹೇಗೆ? ಸ್ವಲ್ಪ ಬಿಡಿಸಿ ಹೇಳಿ.

ಮತಪೆಟ್ಟಿಗೆ:

ಹೇಳುತ್ತೇನೆ. 1978ರಲ್ಲಿ ಆಯ್ಕೆಯಾದ ವಿಧಾನಸಭೆ 1983ರ ಜನವರಿಯವರೆಗೆ ಮತದಾರರ ಮುಂದೆ ಮತ್ತೆ ಹೋಗಲೇ ಇಲ್ಲ. ಅಂದರೆ ಅರಸರು ಮುಖ್ಯಮಂತ್ರಿಯಾಗಿ ಮುಂದುವರಿಯಬೇಕೇ ಬೇಡವೇ ಎಂಬ ಪ್ರಶ್ನೆಯನ್ನು 1980ರಲ್ಲಿ ಯಾರೂ ಜನರಿಗೆ ಕೇಳಿರಲಿಲ್ಲ. ಲೋಕಸಭೆಯ ಫಲಿತಾಂಶ ನೋಡಿದ ಶಾಸಕರು ಸಾಲುಸಾಲಾಗಿ ಇಂದಿರಾ ಕಾಂಗ್ರೆಸ್ಸಿಗೆ ಹಾರಿದರು, ಪಕ್ಷಾಂತರ ನಿಷೇಧ ಕಾಯ್ದೆ ಬರಲು ಇನ್ನೂ ಐದು ವರ್ಷ ಬಾಕಿ ಇತ್ತು, ಸರ್ಕಾರ ಬದಲಾಯಿತು.

ಕರ್ನಾಟಕದ ಮತದಾರ ಎರಡು ಚುನಾವಣೆಗಳಿಗೆ ಎರಡು ಲೆಕ್ಕ ಇಡಬಲ್ಲವನು. 1984ರ ಡಿಸೆಂಬರಿನಲ್ಲಿ ಲೋಕಸಭೆಗೆ ಕಾಂಗ್ರೆಸ್ಸಿನ 24 ಮಂದಿಯನ್ನು ಕಳಿಸಿದ ಇದೇ ಜನ 1985ರ ಮಾರ್ಚಿನಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮಧ್ಯೆ ಇದ್ದದ್ದು ಮೂರು ತಿಂಗಳು. ಆದ್ದರಿಂದ 1980ರ 27 ಸ್ಥಾನಗಳನ್ನು ಅರಸರ ಮೇಲಿನ ಅವಿಶ್ವಾಸವೆಂದು ಓದಬಾರದು. ಇನ್ನೊಂದು ವಿಷಯವೂ ಇದೆ. 1978ರಲ್ಲಿ ಹೊಸದಾಗಿ ಬಂದ ಹಸ್ತದ ಗುರುತನ್ನು ಹಳ್ಳಿಹಳ್ಳಿಗೆ ಪರಿಚಯಿಸಿದವರೇ ಅರಸರು. ಪಕ್ಷ ಒಡೆದುಹೋದಾಗ ಆ ಗುರುತು ಇಂದಿರಾ ಬಳಿಯೇ ಉಳಿಯಿತು. ತಾನು ಕಲಿಸಿಕೊಟ್ಟ ಗುರುತಿನ ವಿರುದ್ಧ ಮತ ಹಾಕಿರೆಂದು ಎರಡೇ ವರ್ಷದಲ್ಲಿ ಕೇಳುವುದು ಯಾವ ನಾಯಕನಿಗೂ ಸಲೀಸಲ್ಲ.

ಹುಣಸೂರು ಕಡೆಯವನು:

ನಿಮ್ಮ ವಾದವನ್ನು ಒಪ್ಪಿಕೊಂಡರೂ ಪ್ರಶ್ನೆ ಹಾಗೇ ಉಳಿಯುತ್ತದೆ. ಶಾಸಕರು ಹಾರಿದರು ಸರಿ, ಹಾರಿದವರಿಗೆ ತಮ್ಮ ಕ್ಷೇತ್ರದ ಜನರ ಭಯ ಏಕೆ ಇರಲಿಲ್ಲ? ಅವರಲ್ಲಿ ಅನೇಕರು ಅರಸರು ಹುಡುಕಿ ತಂದು ಟಿಕೆಟ್ ಕೊಟ್ಟವರೇ. 1972ರಲ್ಲಿ ಗುರುಮಿಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯಿಲಿ ಮೊದಲ ಸಲ ಗೆದ್ದು ಬಂದದ್ದು ಆ ಗಾಳಿಯಲ್ಲಿ. ಸಂಖ್ಯೆಯಲ್ಲಿ ಸಣ್ಣದಾದ, ಹಣಬಲವಿಲ್ಲದ ಸಮುದಾಯಗಳ ಯುವಕರನ್ನು ಅವರು ವಿಧಾನಸೌಧದೊಳಗೆ ಕೂರಿಸಿದರು. ಹಾಗೆ ಬಂದ ಶಾಸಕರ ಗುಂಪು ಕೆಲವೇ ದಿನಗಳಲ್ಲಿ ಕರಗಿತೆಂದರೆ ಎಲ್ಲೋ ಏನೋ ಕಟ್ಟದೆ ಉಳಿದಿತ್ತು ಎಂದೇ ಅರ್ಥ.

ಕಂದಾಯದ ನಿವೃತ್ತ ನೌಕರ:

ಕಟ್ಟದೆ ಉಳಿದದ್ದು ಪಕ್ಷ. ನಾನು ಎಪ್ಪತ್ತರ ದಶಕದಲ್ಲಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದು, ಭೂ ನ್ಯಾಯಮಂಡಳಿಯ ಕಡತಗಳನ್ನು ಹೊತ್ತವನು. ಹಾಗಾಗಿ ಒಳಗಿನಿಂದ ಕಂಡದ್ದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1961ರ ಭೂಸುಧಾರಣಾ ಕಾಯ್ದೆ ಇತ್ತು, ಆದರೆ ಅದರಲ್ಲಿ ಧಣಿಗಳು ನುಸುಳಿಹೋಗಲು ಬೇಕಾದಷ್ಟು ದಾರಿಗಳಿದ್ದವು. ಅರಸರ ಕಾಲದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಒಂದೇ ಏಟಿಗೆ ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿ ಅಧಿಭೋಗದ ಹಕ್ಕು ಪಡೆಯಬೇಕಿತ್ತು. ಗಡುವನ್ನು ವಿಸ್ತರಿಸುತ್ತ 1979ರ ಜೂನ್ 30ರವರೆಗೂ ಕೊಂಡೊಯ್ಯಲಾಯಿತು. ರಾಜ್ಯದಲ್ಲಿ ಬಂದ ಅರ್ಜಿಗಳು ಎಂಟು ಲಕ್ಷದ ಆಸುಪಾಸು. ತೀರ್ಮಾನಿಸುತ್ತಿದ್ದ ಮಂಡಳಿಯಲ್ಲಿ ಅಸಿಸ್ಟೆಂಟ್ ಕಮಿಷನರ್ ಅಧ್ಯಕ್ಷರು, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿಲ್ಲ.

ಕಲಾಪ ಹೇಗಿರುತ್ತಿತ್ತೆಂದರೆ, ಉದ್ದನೆಯ ಮೇಜಿನ ಹಿಂದೆ ಎ.ಸಿ. ಸಾಹೇಬರು ಮತ್ತು ಸದಸ್ಯರು, ಎದುರಿಗೆ ಇದ್ದ ಒಂದೇ ಬೆಂಚಿನಲ್ಲಿ ಧಣಿ ಮತ್ತು ಗೇಣಿದಾರ ಇಬ್ಬರೂ ಕೂರಬೇಕು. ಎಷ್ಟೋ ಗೇಣಿದಾರರು ಕೂರಲು ಒಪ್ಪದೆ, ಹೆಗಲ ಟವೆಲನ್ನು ಕಂಕುಳಿಗೆ ಸೇರಿಸಿ ನಿಂತೇ ಉತ್ತರ ಕೊಡುತ್ತಿದ್ದರು. ಗೇಣಿ ರಶೀದಿ ಇರುತ್ತಿದ್ದದ್ದು ಅಪರೂಪ. ಪಹಣಿಯ ಸಾಗುವಳಿ ಕಲಂ ನೋಡಿದರೆ ಧಣಿಯ ಹೆಸರಿನ ಮುಂದೆ "ಸ್ವಂತ" ಎಂದು ಬರೆದಿರುತ್ತಿತ್ತು. ಆಗ ಅಕ್ಕಪಕ್ಕದ ಹೊಲದವರ ಹೇಳಿಕೆಯೇ ಆಧಾರ. ಮಂಡಳಿಯ ಸದಸ್ಯನಿಗೆ ಊರಿನ ಪರಿಚಯ ಇದ್ದರೆ ಅವನೇ ಕೇಳುತ್ತಿದ್ದ, "ಬಾವಿಯ ಮಗ್ಗುಲಿನ ಮಡಿಗೆ ನೀರು ಕಟ್ಟುವವರು ಯಾರಪ್ಪ?" ಎಂದು. ಆ ಒಂದು ಪ್ರಶ್ನೆಗೆ ಧಣಿಯ ಕಡೆಯ ಸಾಕ್ಷಿಗಳು ತಡವರಿಸುವುದನ್ನು ನಾನು ಕಂಡಿದ್ದೇನೆ.

ಹೇಳಬೇಕಾದ ಮಾತು ಇದು. ಅರಸರ ರಾಜಕೀಯ ಬಲ ತಾಲ್ಲೂಕು ಮಟ್ಟದಲ್ಲಿ ಕಾಂಗ್ರೆಸ್ ಕಚೇರಿಯಲ್ಲಿ ಇರಲಿಲ್ಲ, ಈ ಮಂಡಳಿಗಳಲ್ಲಿ ಮತ್ತು ಇಂಥ ನಾಮಕರಣಗಳಲ್ಲಿ ಇತ್ತು. ನಾಮಕರಣವಾದ ಸದಸ್ಯನಿಗೆ ಅಧಿಕಾರ ಬಂದದ್ದು ಸರ್ಕಾರದ ಆದೇಶದಿಂದ. ಸರ್ಕಾರ ಯಾರ ಕೈಗೆ ಹೋದರೆ ಅವನೂ ಅವರ ಕಡೆ. ಭೂಮಿ ಪಡೆದವರ ಒಂದು ಸಂಘಟನೆಯನ್ನು ಕಟ್ಟುವ ಯತ್ನ ನಮ್ಮ ತಾಲ್ಲೂಕಿನಲ್ಲಂತೂ ನಡೆಯಲಿಲ್ಲ.

ಸಾಗರದವನು:

ಅದ್ಭುತವಾದ ವಿವರ. ಇದಕ್ಕೆ ನಮ್ಮ ಕಡೆಯ ಒಂದು ಮಾತು ಸೇರಿಸಬೇಕು. ಗೇಣಿದಾರರ ಸಂಘಟನೆ ಮಲೆನಾಡಿನಲ್ಲಿ ಇತ್ತು, ಆದರೆ ಅದನ್ನು ಕಟ್ಟಿದವರು ಸಮಾಜವಾದಿಗಳು. 1951ರ ಕಾಗೋಡು ಸತ್ಯಾಗ್ರಹ ಹೊತ್ತಿಕೊಂಡದ್ದು ಗೇಣಿ ಅಳೆಯುವ ಕೊಳಗದ ಗಾತ್ರದ ತಕರಾರಿನಿಂದ. ಶಾಂತವೇರಿ ಗೋಪಾಲಗೌಡರು ಅದನ್ನು ಮುನ್ನಡೆಸಿದರು, ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ಅರಸರ ಕಾಯ್ದೆ ಆ ಹೋರಾಟದ ಫಸಲು. ಇಲ್ಲಿ ಗೇಣಿದಾರರಾಗಿದ್ದ ದೀವರ ಸಮುದಾಯದವರು ಮನಸ್ಸಿನಲ್ಲಿ ಇಟ್ಟುಕೊಂಡದ್ದು ಹೋರಾಟವನ್ನು. ಸಹಿ ಹಾಕಿದ ಮುಖ್ಯಮಂತ್ರಿಗೆ ಎರಡನೆಯ ಸ್ಥಾನ.

ಘಟ್ಟದ ಕೆಳಗಿನವ:

ಸಾಗರದವರು ಎಲ್ಲವನ್ನೂ ಕಾಗೋಡಿಗೆ ಬರೆದುಕೊಳ್ಳುವುದು ಹೊಸದೇನಲ್ಲ! ನಮ್ಮ ದಕ್ಷಿಣ ಕನ್ನಡದಲ್ಲಿ ಕಮ್ಯುನಿಸ್ಟರ ರೈತ ಸಂಘ ಊರೂರಿಗೆ ಹೋಗಿ ಡಿಕ್ಲರೇಶನ್ ಬರೆಸಿತು. ಆದರೂ ಚುನಾವಣೆಯಲ್ಲಿ ಭೂಮಿ ಪಡೆದವರು ಕಾಂಗ್ರೆಸ್ಸಿಗೇ ಮತ ಹಾಕಿದರು. ಬರೆಸಿದವರಿಗೂ ಸಿಗಲಿಲ್ಲ, ಕಾನೂನು ತಂದವರಿಗೂ ಕೊನೆಗೆ ಸಿಗಲಿಲ್ಲ.

ಅಗ್ರಹಾರದ ಮೊಮ್ಮಗಳು:

ಎಲ್ಲರೂ ಗೇಣಿದಾರರ ಕಡೆಯಿಂದಲೇ ಬರೆಯುತ್ತಿದ್ದೀರಿ, ನಾನು ಇನ್ನೊಂದು ಬದಿಯವಳು. ನಮ್ಮ ಅಜ್ಜಿ ಚಿಕ್ಕ ವಯಸ್ಸಿನಲ್ಲಿ ವಿಧವೆಯಾದವರು. ಉಳಲು ಗಂಡಸರಿಲ್ಲದ ಮನೆ, ಹಾಗಾಗಿ ಇದ್ದ ಎರಡೂವರೆ ಎಕರೆ ಗದ್ದೆಯನ್ನು ಗೇಣಿಗೆ ಕೊಟ್ಟಿದ್ದರು. ಗೇಣಿ ಮಾಡುತ್ತಿದ್ದವರಿಗೆ ಅದಕ್ಕಿಂತ ಹೆಚ್ಚು ಸ್ವಂತ ಜಮೀನು ಇತ್ತು. ಕಾಯ್ದೆಯ ಕಣ್ಣಿಗೆ ನನ್ನ ಅಜ್ಜಿ ಭೂಮಾಲೀಕಳು, ಅವರು ಗೇಣಿದಾರರು. ಪರಿಹಾರವೆಂದು ಬಂದ ಹಣ ಹೇಳಿಕೊಳ್ಳುವಂಥದ್ದಾಗಿರಲಿಲ್ಲ. ಅಜ್ಜಿ ಆಮೇಲೆ ಊರಿನ ಮದುವೆ ಮನೆಗಳಿಗೆ ಹಪ್ಪಳ ಒತ್ತಿ ಕೊಟ್ಟು ನನ್ನ ತಂದೆಯನ್ನು ಓದಿಸಿದರು.

ಕಾಯ್ದೆ ಬರಬಾರದಿತ್ತು ಎಂದು ನಾನು ಹೇಳುತ್ತಿಲ್ಲ. ನೂರಾರು ಎಕರೆ ಇದ್ದ ಮಠ, ಧಣಿಗಳ ಹಿಡಿತ ಮುರಿಯಬೇಕಿತ್ತು. ಆದರೆ ದೊಡ್ಡವನನ್ನೂ ಚಿಕ್ಕವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಉಂಟಾದ ಕಹಿಯನ್ನು ಈ ಚರ್ಚೆಯಲ್ಲಿ ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಾಗರದವನು:

ನಿಮ್ಮ ಅಜ್ಜಿಯವರ ಕಷ್ಟವನ್ನು ಅಲ್ಲಗಳೆಯುವುದಿಲ್ಲ, ಅಂಥ ಮನೆಗಳನ್ನು ನಮ್ಮ ತಾಲ್ಲೂಕಿನಲ್ಲೂ ಬಲ್ಲೆ. ಆದರೆ ವಿಧವೆಯರಿಗೂ ಚಿಕ್ಕ ಹಿಡುವಳಿದಾರರಿಗೂ ವಿನಾಯಿತಿ ಕೊಟ್ಟಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಯೋಚಿಸಿ. 1961ರ ಕಾಯ್ದೆಯಲ್ಲಿ ವಿನಾಯಿತಿಗಳು ಇದ್ದದ್ದರಿಂದಲೇ ದೊಡ್ಡ ಮನೆತನಗಳು ಜಮೀನನ್ನು ಅತ್ತೆ, ಸೊಸೆ, ಮೈದುನರ ಹೆಸರಿಗೆ ಹಂಚಿ ಬಚಾವಾದದ್ದು. ಕಿಂಡಿ ಬಿಟ್ಟರೆ ಹೆಬ್ಬಾಗಿಲಾಗುತ್ತದೆ ಎಂಬ ಅನುಭವ ಅರಸರಿಗೆ ಇತ್ತು.

ಅಗ್ರಹಾರದ ಮೊಮ್ಮಗಳು:

ಸೈನಿಕರಿಗೆ, ನಾವಿಕರಿಗೆ ವಿನಾಯಿತಿ ಕೊಡಲು ಸಾಧ್ಯವಾಯಿತು. ಕಾಫಿ, ಟೀ, ರಬ್ಬರ್ ತೋಟಗಳನ್ನು ಹೊರಗಿಡಲು ಸಾಧ್ಯವಾಯಿತು. ವಿಧವೆಯ ವಿಷಯ ಬಂದಾಗ ಮಾತ್ರ ಕಿಂಡಿಯ ಭಯ! ಕಾಫಿ ತೋಟದ ಮಾಲೀಕರು ಬಡವರೇನೂ ಆಗಿರಲಿಲ್ಲ ಸ್ವಾಮಿ.

ನ್ಯಾಯಪೀಠ:

ತೋಟಗಳ ಬಗ್ಗೆ ಎತ್ತಿದ ಪ್ರಶ್ನೆ ನ್ಯಾಯವಾದದ್ದು. ಕಾನೂನಿನ ವಿಷಯ ಬಂದದ್ದರಿಂದ ಒಂದು ಮಾಹಿತಿ ಸೇರಿಸುತ್ತೇನೆ. ಮೊದಲಿಗೆ ಮಂಡಳಿಯ ಆದೇಶದ ಮೇಲೆ ಮೇಲ್ಮನವಿಗೆ ಅವಕಾಶವಿರಲಿಲ್ಲ. ರಿಟ್ ಅರ್ಜಿ ಹಿಡಿದು ಹೈಕೋರ್ಟಿಗೆ ಹೋಗಬೇಕಿತ್ತು. 1987ರಲ್ಲಿ ಸುಪ್ರೀಂ ಕೋರ್ಟ್ ಈ ತಿದ್ದುಪಡಿಗಳನ್ನು ಬಹುಮಟ್ಟಿಗೆ ಎತ್ತಿಹಿಡಿದು, ಮಂಡಳಿಯ ಮುಂದೆ ವಕೀಲರು ಹಾಜರಾಗಬಾರದೆಂಬ ನಿಬಂಧನೆಯನ್ನು ಅಸಿಂಧುಗೊಳಿಸಿತು. ಅಷ್ಟು ಹೊತ್ತಿಗೆ ಬಹುಪಾಲು ಅರ್ಜಿಗಳು ವಕೀಲರಿಲ್ಲದೆಯೇ ತೀರ್ಮಾನವಾಗಿದ್ದವು. ಬಡ ಗೇಣಿದಾರನಿಗೆ ಇದರಿಂದ ಆದ ಲಾಭ ದೊಡ್ಡದು ಎಂಬುದು ನನ್ನ ಅಭಿಪ್ರಾಯ, ನನ್ನ ವೃತ್ತಿಬಾಂಧವರು ಬೈದರೂ ಚಿಂತೆಯಿಲ್ಲ.

ಬಯಲುಸೀಮೆ:

ನೀವೆಲ್ಲ ಕರಾವಳಿ, ಮಲೆನಾಡು ಎಂದು ಸುತ್ತುತ್ತಿರುವುದೇ ಮೂಲ ಪ್ರಶ್ನೆಗೆ ಅರ್ಧ ಉತ್ತರ. ಗೇಣಿ ಪದ್ಧತಿ ದಟ್ಟವಾಗಿದ್ದದ್ದು ಎರಡು ಕನ್ನಡ ಜಿಲ್ಲೆಗಳು, ಶಿವಮೊಗ್ಗ ಮುಂತಾದ ಕಡೆ. ನಮ್ಮ ಕೋಲಾರ, ತುಮಕೂರು ಕಡೆ ಹೆಚ್ಚಿನವರು ಎರಡು ಮೂರು ಎಕರೆ ಒಣಭೂಮಿಯನ್ನು ತಾವೇ ಉಳುವ ರೈತರು. ಅವರಿಗೆ ಏಳನೇ ನಮೂನೆಯಿಂದ ಏನೂ ಬರುವಂತಿರಲಿಲ್ಲ. ಇನ್ನು ಭೂಮಿತಿ ಕಾಯ್ದೆಯಿಂದ ಹೆಚ್ಚುವರಿ ಜಮೀನು ಸಿಗುತ್ತದೆ, ಅದನ್ನು ಕೂಲಿಗಳಿಗೆ ಹಂಚುತ್ತೇವೆ ಎಂದರು. ಒಂದು ಕುಟುಂಬಕ್ಕೆ 10 ಯೂನಿಟ್ ಮಿತಿ, ಆದರೆ ಮಳೆಯಾಶ್ರಿತ ಕಡೆಯ ದರ್ಜೆಯ ಜಮೀನಾದರೆ ಅದು 54 ಎಕರೆಯವರೆಗೆ ಹಿಗ್ಗುತ್ತಿತ್ತು. ಹಾಗಿದ್ದ ಮೇಲೆ ಹೆಚ್ಚುವರಿ ಎಲ್ಲಿಂದ ಬರಬೇಕು?

ದಲಿತರಲ್ಲಿ ಬಹುಪಾಲು ಜನ ಗೇಣಿದಾರರೂ ಆಗಿರಲಿಲ್ಲ, ಜೀತ ಮತ್ತು ಕೂಲಿಯಲ್ಲಿ ಇದ್ದವರು. ಮಾಲೀಕನಿಂದ ಭೂಮಿ ಇಳಿದದ್ದು ಮಧ್ಯದ ಜಾತಿಗಳವರೆಗೆ. ಅದರ ಕೆಳಗೆ ಇಳಿಯಲಿಲ್ಲ.

ಕಲಬುರಗಿ ಕನ್ನಡಿಗ:

ಬಯಲುಸೀಮೆಯವರು ಹೇಳಿದ್ದರಲ್ಲಿ ಸತ್ಯವಿದೆ, ಪೂರ್ತಿ ಇಲ್ಲ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಬೇರೆಯವರು ಪುಡಿಗಾಸಿಗೆ ಬರೆಸಿಕೊಂಡಿದ್ದರೆ ಅಂಥ ಪರಭಾರೆಯನ್ನು ರದ್ದು ಮಾಡಿ ಮೂಲ ಮಂಜೂರಿದಾರನಿಗೆ ಹಿಂದಿರುಗಿಸುವ 1978ರ ಕಾಯ್ದೆ, ಈಗ ಎಲ್ಲರೂ ಪಿಟಿಸಿಎಲ್ ಎನ್ನುವುದು, ಬಂದದ್ದು ಅರಸರ ಕಾಲದಲ್ಲೇ. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಲು ಪಟ್ಟು ಹಿಡಿದು ನಿಂತ ಬಿ. ಬಸವಲಿಂಗಪ್ಪನವರು ಅವರ ಸಂಪುಟದ ಸಚಿವರು. ಕೂಲಿಗಳು ವಾಸವಿದ್ದ ಗುಡಿಸಲಿನ ಜಾಗ ಅವರಿಗೇ ಆಗುವಂತೆ ಮಾಡಿದ್ದೂ ಭೂಸುಧಾರಣಾ ಕಾಯ್ದೆಯೇ. ಧಣಿ ಸಿಟ್ಟಿಗೆದ್ದರೆ ರಾತ್ರೋರಾತ್ರಿ ಗುಡಿಸಲು ಕೀಳಬೇಕಾದವನಿಗೆ ಅದು ಸಣ್ಣ ವಿಷಯವಲ್ಲ.

ಬಯಲುಸೀಮೆ:

ಅದೇ ಬಸವಲಿಂಗಪ್ಪನವರು 1973ರಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದ ತಮ್ಮ ಮಾತಿನಿಂದ ವಿವಾದ ಎದ್ದಾಗ, ರಾಜೀನಾಮೆ ಕೊಡಬೇಕಾಯಿತು. ಅರಸರು ಅವರ ಬೆನ್ನಿಗೆ ನಿಂತು ಕಾಪಾಡಲಿಲ್ಲ. ಆಗ ಬೀದಿಗೆ ಬಂದ ದಲಿತ ಯುವಕರು ಅರಸರ ಕಾಂಗ್ರೆಸ್ಸನ್ನು ಬಿಟ್ಟು ತಮ್ಮದೇ ಸಂಘರ್ಷದ ದಾರಿ ಹಿಡಿದರು. ನಾಮಕರಣವಾದವರು ಉಳಿಯಲಿಲ್ಲ, ಹೋರಾಡುವವರನ್ನು ಇವರೇ ಉಳಿಸಿಕೊಳ್ಳಲಿಲ್ಲ.

ಕಿತ್ತೂರು ಸೀಮೆ:

ಇಷ್ಟು ಹೊತ್ತಾದರೂ ಯಾರೂ ಹಾವನೂರು ವರದಿಯನ್ನು ಮುಟ್ಟದೆ ಇರುವುದು ನನಗೆ ಸೋಜಿಗ. 1972ರಲ್ಲಿ ರಚನೆಯಾದ ಆಯೋಗ 1975ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಎಲ್.ಜಿ. ಹಾವನೂರರು ಲಿಂಗಾಯತರನ್ನು ಹಿಂದುಳಿದವರ ಪಟ್ಟಿಯಿಂದ ಹೊರಗಿಟ್ಟರು. ನಮ್ಮ ಕಡೆಯ ಒಕ್ಕಲುತನದ ಬಡ ಲಿಂಗಾಯತನಿಗೆ, ಪಟ್ಟಿಯಲ್ಲಿ ಉಳಿದ ಹಳೇ ಮೈಸೂರಿನ ಒಕ್ಕಲಿಗನಿಗಿಂತ ತಾನು ಹೇಗೆ ಮುಂದುವರಿದವನು ಎಂಬುದು ಇವತ್ತಿಗೂ ಅರ್ಥವಾಗಿಲ್ಲ. 1977ರಲ್ಲಿ ಆದೇಶ ಬಂದಾಗ ಜಾತಿ ನೋಡದೆ ಆದಾಯದ ಮೇಲೆ ಕೊಡುವ ವಿಶೇಷ ಗುಂಪೊಂದನ್ನು ಸೇರಿಸಿದರೂ ಗಾಯ ಮಾಯಲಿಲ್ಲ. ಇಷ್ಟು ದೊಡ್ಡ ಸಮುದಾಯವನ್ನು ಎದುರು ಹಾಕಿಕೊಂಡ ಮೇಲೆ, ದೆಹಲಿಯ ಆಸರೆ ತಪ್ಪಿದ ದಿನ ಬೀಳುವುದು ಖಚಿತವೇ ಇತ್ತು.

ಹುಣಸೂರು ಕಡೆಯವನು:

ಈ ತರ್ಕದಲ್ಲಿ ಒಂದು ತೊಡಕಿದೆ. ಆದೇಶ ಹೊರಬಿದ್ದದ್ದು 1977ರ ಫೆಬ್ರವರಿಯಲ್ಲಿ. ಮರು ತಿಂಗಳೇ ನಡೆದ ಲೋಕಸಭಾ ಚುನಾವಣೆಯಲ್ಲಿ, ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿಹೋಗುತ್ತಿದ್ದಾಗ, ಕರ್ನಾಟಕದಲ್ಲಿ ಅದು 28ರಲ್ಲಿ 26 ಗೆದ್ದಿತು. ಮರುವರ್ಷ 149 ಶಾಸಕರು. ಲಿಂಗಾಯತರ ಸಿಟ್ಟು ಅರಸರನ್ನು ಬೀಳಿಸುವಷ್ಟಿದ್ದರೆ ಆಗಲೇ ಬೀಳಿಸಬೇಕಿತ್ತು.

ಕಿತ್ತೂರು ಸೀಮೆ:

ಅವತ್ತು ಸಿಟ್ಟಿಗೆ ಒಂದು ಆಸರೆ ಬೇಕಿತ್ತು. ಅದು 1983ರಲ್ಲಿ ಸಿಕ್ಕಿತು.

ಹಳೆಯ ಪತ್ರಿಕೆ:

ಭ್ರಷ್ಟಾಚಾರದ ಮಾತು ಯಾರಿಗೂ ಬೇಡವೇ? 1977ರಲ್ಲಿ ಕೇಂದ್ರದ ಜನತಾ ಸರ್ಕಾರ ಅರಸರ ಮೇಲಿನ ಆರೋಪಗಳ ತನಿಖೆಗೆ ನ್ಯಾಯಮೂರ್ತಿ ಗ್ರೋವರ್ ಆಯೋಗವನ್ನು ನೇಮಿಸಿತು. ರಾಜ್ಯ ಸರ್ಕಾರ ತನ್ನದೇ ಒಂದು ಆಯೋಗ ರಚಿಸಿದ್ದರಿಂದ ಕೇಂದ್ರಕ್ಕೆ ಈ ಅಧಿಕಾರವಿಲ್ಲ ಎಂದು ಅರಸರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ಏಳು ನ್ಯಾಯಾಧೀಶರ ಪೀಠದ ಮುಂದೆ ಸೋತಿತು. ಸ್ವಜನಪಕ್ಷಪಾತವೂ ಸೇರಿದಂತೆ ಕೆಲವು ಆರೋಪಗಳು ರುಜುವಾತಾಗಿವೆ ಎಂದೇ ಗ್ರೋವರ್ ಹೇಳಿದರು. ಬಡವರ ಪರವಾಗಿದ್ದರು ಎಂಬ ಕಾರಣಕ್ಕೆ ಇದನ್ನು ಚಾಪೆಯ ಕೆಳಗೆ ತಳ್ಳುವುದು ಇತಿಹಾಸವಲ್ಲ, ಹರಿಕಥೆ.

ಕಂದಾಯದ ನಿವೃತ್ತ ನೌಕರ:

ತಳ್ಳಬಾರದು, ನಿಜ. ಆದರೆ ರಾಜಕೀಯದ ಲೆಕ್ಕವನ್ನೂ ಬಿಡಬಾರದು. ಜಮೀನು, ಜಾತಿ, ಸಹಕಾರಿ ಬ್ಯಾಂಕು, ವಿದ್ಯಾಸಂಸ್ಥೆ ಎಲ್ಲವೂ ಎದುರಾಳಿಗಳ ಕೈಯಲ್ಲಿ ಇದ್ದಾಗ ಕೈಯಲ್ಲಿ ಕಾಸಿಲ್ಲದವರನ್ನು ಅಭ್ಯರ್ಥಿಗಳಾಗಿ ನಿಲ್ಲಿಸುವ ನಾಯಕ ಚುನಾವಣೆಯ ಖರ್ಚನ್ನು ಎಲ್ಲಿಂದಲೋ ತರಬೇಕಿತ್ತು. ಅದನ್ನು ಸಮರ್ಥಿಸುತ್ತಿಲ್ಲ. ಅರಸರು ಹಣದಿಂದ ಹಿಡಿದಿಟ್ಟುಕೊಂಡಿದ್ದ ಶಾಸಕರು, ಹೆಚ್ಚು ಅಧಿಕಾರ ಸಿಗುವ ಕಡೆ ಹೊರಟಾಗ ತಡೆಯುವ ನೈತಿಕ ಬಲ ಅವರಲ್ಲಿ ಇರಲಿಲ್ಲ ಎಂಬುದೇ ನನ್ನ ಅಂಬೋಣ. 1980ರ ಪ್ರಶ್ನೆಗೆ ಇದೂ ಒಂದು ಉತ್ತರ.

ಕಾರಾಗೃಹ ರಸ್ತೆ:

ತುರ್ತು ಪರಿಸ್ಥಿತಿಯನ್ನೂ ಸೇರಿಸಿ. ಅರಸರ ಕರ್ನಾಟಕದಲ್ಲಿ ಉತ್ತರದಷ್ಟು ದೌರ್ಜನ್ಯ ಆಗಲಿಲ್ಲ ಎಂದು ಅವರ ಅಭಿಮಾನಿಗಳು ಹೇಳುವುದುಂಟು. ಆದರೆ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಸೆರೆಯಾದದ್ದು ಇಲ್ಲೇ. ಆಸ್ತಮಾದಿಂದ ನರಳುತ್ತಿದ್ದ ನಟಿ ಸ್ನೇಹಲತಾ ರೆಡ್ಡಿ ಬೆಂಗಳೂರಿನ ಕಾರಾಗೃಹದಲ್ಲಿ ತಿಂಗಳುಗಟ್ಟಲೆ ಇದ್ದು, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಆ ಜೈಲು ರಾಜ್ಯ ಸರ್ಕಾರದ್ದು. 1979ರಲ್ಲಿ ಅರಸರು ಇಂದಿರಾ ಅವರ ಸರ್ವಾಧಿಕಾರದ ವಿರುದ್ಧ ಮಾತನಾಡಿದಾಗ ಕೇಳಿದವರಿಗೆ ಇದು ನೆನಪಾಗದೆ ಇರುತ್ತದೆಯೇ?

ಕಲಬುರಗಿ ಕನ್ನಡಿಗ:

ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಅರಸರ ಅಭಿಮಾನಿಯಾಗಿಯೇ ಹೇಳುತ್ತಿದ್ದೇನೆ.

ಎಳೆಯ ಓದುಗ:

ಹಿರಿಯರಲ್ಲಿ ಒಂದು ವಿನಂತಿ. ಅಷ್ಟಕ್ಕೂ ಇಬ್ಬರೂ ಬೇರೆಯಾದದ್ದೇಕೆ? 1978ರಲ್ಲಿ ಜೊತೆಗಿದ್ದವರು 1979ಕ್ಕೆ ವಿರೋಧಿಗಳಾದದ್ದು ನನಗೆ ಸ್ಪಷ್ಟವಾಗಿಲ್ಲ.

ಹಳೆಯ ಪತ್ರಿಕೆ:

1977ರಲ್ಲಿ ಸೋತು ಮೂಲೆಗುಂಪಾಗಿದ್ದ ಇಂದಿರಾ ಗಾಂಧಿ 1978ರ ಜನವರಿಯಲ್ಲಿ ಹೊಸ ಪಕ್ಷ ಕಟ್ಟಿದಾಗ ಅವರ ಕಡೆ ನಿಂತ ದೊಡ್ಡ ನಾಯಕರಲ್ಲಿ ಅರಸರು ಪ್ರಮುಖರು. ಆಗಷ್ಟೇ, ಅಂದರೆ 1977ರ ಡಿಸೆಂಬರ್ 31ರಂದು, ಅವರ ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂದಿತ್ತು. ಎರಡು ತಿಂಗಳೊಳಗೆ ಚುನಾವಣೆ ಗೆದ್ದು ಹಿಂದಿರುಗಿದರು. ಆ ವರ್ಷದ ನವೆಂಬರಿನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಅವರನ್ನು ನಿಲ್ಲಿಸಿ, ಜನತಾ ಪಕ್ಷದ ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆಲ್ಲಿಸಿ ಲೋಕಸಭೆಗೆ ಕಳಿಸಿದರು. ಆಪತ್ಕಾಲದಲ್ಲಿ ಕೈಹಿಡಿದವನೆಂಬ ಭಾವನೆ ಅರಸರಿಗೆ ಬಂದದ್ದು ಸಹಜ, ಕೈಹಿಡಿದವನ ಋಣ ಭಾರವೆನಿಸಿದ್ದು ಇಂದಿರಾ ಅವರಿಗೂ ಸಹಜ.

ಅರಸರು ಮುಖ್ಯಮಂತ್ರಿ ಸ್ಥಾನದ ಜೊತೆಗೆ ರಾಜ್ಯ ಪಕ್ಷದ ಅಧ್ಯಕ್ಷ ಸ್ಥಾನವನ್ನೂ ಇಟ್ಟುಕೊಂಡಿದ್ದರು. ಒಂದನ್ನು ಬಿಡಿ ಎಂದಿತು ದೆಹಲಿ. ಸಂಜಯ್ ಗಾಂಧಿ ಮತ್ತೆ ತಲೆಯೆತ್ತುತ್ತಿದ್ದದ್ದು ಅರಸರಿಗೆ ಸಹ್ಯವಾಗಲಿಲ್ಲ. 1979ರ ಜೂನ್‌ನಲ್ಲಿ ಅವರನ್ನು ಪಕ್ಷದಿಂದ ಹೊರಹಾಕಲಾಯಿತು. ರಾಜ್ಯ ಪಕ್ಷದ ಚುಕ್ಕಾಣಿ ಎಸ್. ಬಂಗಾರಪ್ಪನವರಿಗೆ ಹೋಯಿತು. ಶಾಸಕರಲ್ಲಿ ಹೆಚ್ಚಿನವರು ಆಗ ಅರಸರ ಜೊತೆಗೇ ಉಳಿದರು, ಏಕೆಂದರೆ ಅಧಿಕಾರ ಅವರ ಕೈಯಲ್ಲಿ ಇತ್ತು. ಆರು ತಿಂಗಳ ನಂತರ ದೆಹಲಿಯ ಗಾಳಿ ತಿರುಗಿದಾಗ ಇವರೂ ತಿರುಗಿದರು.

ಎಲೆಕ್ಟ್ರಾನಿಕ್ ಸಿಟಿ:

ವಿಷಯದಿಂದ ಸ್ವಲ್ಪ ಆಚೆ ಹೋಗುತ್ತೇನೆ, ಮನ್ನಿಸಿ. ರಾಜ್ಯದ ಎಲೆಕ್ಟ್ರಾನಿಕ್ಸ್ ನಿಗಮವಾದ ಕಿಯೋನಿಕ್ಸ್ ಆರಂಭವಾದದ್ದು 1976ರಲ್ಲಿ, ಅರಸರ ಕಾಲದಲ್ಲಿ. ಅದರ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರ ಎಲೆಕ್ಟ್ರಾನಿಕ್ ಸಿಟಿಯ ಕನಸಿಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ಬಳಿ 332 ಎಕರೆ ಸಿಕ್ಕಿತು. ಬೆಂಗಳೂರಿನ ಸಾಫ್ಟ್‌ವೇರ್ ಕಥೆಯನ್ನು ತೊಂಬತ್ತರ ದಶಕದಿಂದ ಶುರು ಮಾಡುವವರು ಇದನ್ನು ಮರೆಯುತ್ತಾರೆ.

ಬಯಲುಸೀಮೆ:

ಆಚೆ ಹೋದದ್ದಾಯಿತಲ್ಲ, ಈಗ ಒಳಗೆ ಬನ್ನಿ. ಆ 332 ಎಕರೆಯಲ್ಲಿ ಉಳುತ್ತಿದ್ದವರು ಯಾರೆಂದು ಯಾವತ್ತಾದರೂ ವಿಚಾರಿಸಿದ್ದೀರಾ?

ಮತಪೆಟ್ಟಿಗೆ:

ಮೂಲ ಪ್ರಶ್ನೆಗೆ ಬರುತ್ತೇನೆ. ಹುಣಸೂರು ಕಡೆಯವರು "ಎಲ್ಲೋ ಏನೋ ಕಟ್ಟದೆ ಉಳಿದಿತ್ತು" ಎಂದರು, ನಿವೃತ್ತ ನೌಕರರು ಅದು ಪಕ್ಷ ಎಂದರು. ಇದನ್ನು ಅರಸರೂ ತಡವಾಗಿ ಅರಿತಿದ್ದರು ಎನ್ನುವುದಕ್ಕೆ ಕರ್ನಾಟಕ ಕ್ರಾಂತಿರಂಗವೇ ಸಾಕ್ಷಿ. ದೆಹಲಿಯ ಯಾವ ಮನೆಗೂ ಕಟ್ಟುಬೀಳದ, ಇಲ್ಲಿಯದೇ ಆದ ಪಕ್ಷ ಬೇಕೆಂದು ಅದನ್ನು ಕಟ್ಟಲು ಹೊರಟರು. ತಮ್ಮ ಜಾಗಕ್ಕೆ ಇಂದಿರಾ ಕೂರಿಸಿದ್ದ ಬಂಗಾರಪ್ಪನವರೇ ಮುಂದೆ ಆ ಪಕ್ಷದ ಮುಂದಾಳಾದದ್ದು ನಮ್ಮ ರಾಜಕೀಯದ ತಮಾಷೆಗಳಲ್ಲಿ ಒಂದು. ಆದರೆ 1982ರ ಜೂನ್ 6ರಂದು ಅರಸರು ತೀರಿಕೊಂಡರು. ಏಳು ತಿಂಗಳ ನಂತರ ಜನತಾ ಪಕ್ಷ ಮತ್ತು ರಂಗದ ಮೈತ್ರಿ 95 ಸ್ಥಾನ ಗೆದ್ದಿತು, ಕಾಂಗ್ರೆಸ್ 82ಕ್ಕೆ ಇಳಿಯಿತು, ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅರಸರನ್ನು ಜನ ಕೈಬಿಟ್ಟರೋ ಇಲ್ಲವೋ ಎಂಬುದನ್ನು ಅಳೆಯಲು 1980ಕ್ಕಿಂತ 1983 ಸರಿಯಾದ ಜಾಗ.

ಕಿತ್ತೂರು ಸೀಮೆ:

1983ನ್ನು ಅರಸರ ಖಾತೆಗೆ ಬರೆಯಬೇಡಿ. 1980ರ ಜುಲೈಯಲ್ಲಿ ನರಗುಂದ, ನವಲಗುಂದದ ರೈತರ ಮೇಲೆ ಗುಂಡು ಹಾರಿತು. ಗುಂಡೂರಾವ್ ಸರ್ಕಾರವನ್ನು ಕೆಡವಿದ್ದು ನೀರಿನ ಕರ ಕಟ್ಟಲಾಗದ ಆ ರೈತ. ಅವನಲ್ಲಿ ಭೂಮಿ ಪಡೆದ ಗೇಣಿದಾರ ಎಷ್ಟು, ಹಾವನೂರು ಪಟ್ಟಿಯಿಂದ ಹೊರಗುಳಿದವ ಎಷ್ಟು ಎಂದು ನೀವೇ ಲೆಕ್ಕ ಹಾಕಿ.

ಘಟ್ಟದ ಕೆಳಗಿನವ:

ಕರಾವಳಿಯಲ್ಲಿ 1983ರಲ್ಲಿ ಲಾಭ ಮಾಡಿಕೊಂಡವರಲ್ಲಿ ಬಿಜೆಪಿಯೂ ಇದೆ, ರಾಜ್ಯದಲ್ಲಿ ಅದಕ್ಕೆ ಬಂದದ್ದು 18 ಸ್ಥಾನ. ಭೂಮಿ ಕಳೆದುಕೊಂಡವರ ಮನೆಗಳು ಮಾತ್ರ ಆ ಕಡೆ ಹೋದವು ಎಂದು ಬಹಳ ಜನ ತಿಳಿದಿದ್ದಾರೆ. ನಮ್ಮೂರಿನಲ್ಲಿ ಡಿಕ್ಲರೇಶನ್‌ನಲ್ಲಿ ಭೂಮಿ ಪಡೆದವರ ಮಕ್ಕಳೂ ಹೋದರು. ಗೇಣಿ ಹೊರುವ ಅಗತ್ಯ ತಪ್ಪಿದ ಮೇಲೆ ಶಾಲೆಗೆ ಹೋದ ಮೊದಲ ತಲೆಮಾರು ಅದು, ಅಪ್ಪನ ಮತವನ್ನು ತಾನೂ ಹಾಕಬೇಕೆಂಬ ಹಂಗು ಅದಕ್ಕೆ ಇರಲಿಲ್ಲ.

ಅಗ್ರಹಾರದ ಮೊಮ್ಮಗಳು:

ಇದು ಈ ಚರ್ಚೆಯಲ್ಲಿ ನಾನು ಓದಿದ ಅತ್ಯಂತ ಒಪ್ಪುವ ಮಾತು. ಧಣಿಯ ಹಂಗು ತಪ್ಪಿಸಿದವನ ಹಂಗಿನಲ್ಲೂ ಇರಬೇಕೆಂದು ಆ ಮಕ್ಕಳಿಂದ ನಾವು ಏಕೆ ನಿರೀಕ್ಷಿಸಬೇಕು?

ಹುಣಸೂರು ಕಡೆಯವನು:

ನಿರೀಕ್ಷಿಸುತ್ತಿಲ್ಲ. ಆದರೆ 2020ರಲ್ಲಿ ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂಬ 79ಎ, 79ಬಿ ಕಲಂಗಳನ್ನು ಕಾಯ್ದೆಯಿಂದ ತೆಗೆದಾಗ ಆ ಮಕ್ಕಳ ಪೈಕಿ ಎಷ್ಟು ಜನ ತಕರಾರು ಎತ್ತಿದರು ಎಂಬುದು ನನ್ನ ಮುಂದಿನ ಪ್ರಶ್ನೆ.

ಘಟ್ಟದ ಕೆಳಗಿನವ:

ನಮ್ಮಲ್ಲಿ ತಕರಾರು ಎತ್ತಿದವರು ಕಡಿಮೆ. ಅಷ್ಟು ಹೊತ್ತಿಗೆ ಗದ್ದೆ ಹಡಿಲು ಬಿದ್ದಿತ್ತು, ಹುಡುಗರು ಮುಂಬಯಿಯಲ್ಲೂ ದುಬೈಯಲ್ಲೂ ಇದ್ದರು. ಒಳ್ಳೆಯ ಬೆಲೆಗೆ ಕೊಳ್ಳುವವರು ಬಂದರೆ ಸಾಕೆಂದು ಕಾಯುತ್ತಿದ್ದವರಲ್ಲಿ ನನ್ನ ದೊಡ್ಡಪ್ಪನ ಮಕ್ಕಳೂ ಇದ್ದರು.